ಕರಿಹಲಗೆಯ ಮೇಲೆ ಬಿದರಿ ಹೂಜಿ

ಜೂನ್ 18, ಮಂಗಳವಾರ

ಮತ್ತೆ ಮುಂಬಯಿ ಲೋಕಲ್ ಟ್ರೇನು ಲೇಟು. ಮಲಾಡ್ ಶಾಲೆ ಮುಟ್ಟುವಷ್ಟರಲ್ಲಿ ಹೆಡ್‌ಮಾಸ್ತರ್ ಶಿವಪುತ್ರಪ್ಪನವರ ಹೊಸ ಹುಚ್ಚು ಕಾದು ಕೂತಿತ್ತು. ಅಮೆರಿಕದ ಯಾವುದೋ ಏಷ್ಯನ್ ಆರ್ಟ್ ಮ್ಯೂಸಿಯಂ ವೆಬ್‌ಸೈಟ್ ತೆರೆದು ಡ್ರಾಯಿಂಗ್ ಪಾಠ ಮಾಡಬೇಕಂತೆ.

"ಶುಕ್ರವಾರ ಟ್ರಸ್ಟಿ ಸಾಹೇಬ್ರು ನಿಮ್ಮ ಕ್ಲಾಸಿಗೆ ಬರ್ತಾರ್ರಿ, ತಹಮೀನಾ ಟೀಚರ್. ನಿಮ್ಮ ಕಾಂಟ್ರ್ಯಾಕ್ಟ್ ರಿನ್ಯೂ ಮಾಡೂದು ಅವರ ಕೈಯಾಗೈತಿ."

ಕುಂಚಕ್ಕೂ ಪೊರಕೆಗೂ ವ್ಯತ್ಯಾಸ ಗೊತ್ತಿಲ್ಲದ ಮನುಷ್ಯ ಆ ಟ್ರಸ್ಟಿ. ಅವನು ನನ್ನ ಪರೀಕ್ಷೆ ಮಾಡುತ್ತಾನೆ!

ಜೂನ್ 20

ಕಂಪ್ಯೂಟರ್ ಟೀಚರ್ ಸ್ನೇಹಲ್ ಸೈಟ್ ತೋರಿಸಿದಳು. ಅದರಲ್ಲಿ ಟೀಚರುಗಳಿಗೂ ಉಪದೇಶ — ನಿಮಗೇನು ಕಾಣುತ್ತಿದೆ ಎಂದು ಮಕ್ಕಳನ್ನು ಕೇಳಬೇಕಂತೆ. ಕಣ್ಣಿದ್ದರೆ ಕಂಡೇ ಕಾಣುತ್ತದೆ! ಒಂದು ಬಿದರಿ ಹೂಜಿ ಆರಿಸಿದೆ. ಕಪ್ಪು ಮೈ, ಬೆಳ್ಳಿಯ ಹೂಬಳ್ಳಿ. ಬೀದರಿನ ಹೂಜಿ ನೋಡಲು ಅಮೆರಿಕದ ಬಾಗಿಲು ತಟ್ಟಬೇಕು ನಾವು. ಆದರೆ ಆ ಬಳ್ಳಿ... ದೊಡ್ಡದು ಮಾಡಿ ನೋಡುತ್ತ ಕೂತೆ. ಚಹಾ ಆರಿತು.

"ಟೀಚರ್, ನಿಮಗೆ ಪಸಂದ್ ಆಯ್ತು ನಾ?"

"ಸಾಕು, ಬಂದ್ ಮಾಡು" ಅಂದೆ.

ಜೂನ್ 21, ಸಂಜೆ

ಕ್ಲಾಸ್ ಶುರುವಾಗುತ್ತಲೇ ನೆಟ್ ಹೋಯಿತು. ಪರದೆ ಮೇಲೆ ಚಕ್ರ ಸುತ್ತಿದ್ದೇ ಸುತ್ತಿದ್ದು. ಸಿಟ್ಟು ಬಂತು. ಪರದೆ ಸರಿಸಿ, ಪ್ರೊಜೆಕ್ಟರಿನ ಬೆಳಕಿನಲ್ಲೇ ಕರಿಹಲಗೆ ಮೇಲೆ ಬಿಳಿ ಚಾಕ್‌ಪೀಸಿನಿಂದ ಹೂಜಿ ಬರೆದೆ. ನೆನಪಿನಿಂದ. ಥೇಟ್ ಬಿದರಿ. ಸದಾ ಸಂತೆ ನಡೆಸುವ ಏಳನೇ ಕ್ಲಾಸು ತಾನಾಗಿ ಪುಸ್ತಕ ತೆರೆದು ಬಳ್ಳಿ ಬರೆಯತೊಡಗಿತು. ಎಷ್ಟೋ ವರ್ಷಗಳ ಮೇಲೆ ಪಾಠ ಮಾಡಿ ಖುಷಿಯಾಯಿತು.

ಕೊನೆಗೆ ಟ್ರಸ್ಟಿ ಬಂದ. ಬಾಗಿಲಲ್ಲೇ ನಿಂತ. ಕಿವಿಗೆ ಮೊಬೈಲು, ಕನ್ನಡಕ ತಲೆ ಮೇಲೆ.

"ಅರೆ ವಾ! ಏನ್ ಕ್ಲಿಯರ್ ಬರ್ತೈತ್ರಿ ಈ ಮ್ಯೂಸಿಯಂ!"

ಫೋಟೊ ಹೊಡೆದು ಹೋದ. ಶುರುವಿನಿಂದ ಹಿಂದಿನ ಬೆಂಚಿನಲ್ಲಿ ಕೂತಿದ್ದ ಹೆಡ್‌ಮಾಸ್ತರ್ ಬಾಯಿ ತೆರೆದರು, ಮುಚ್ಚಿದರು. ಅದು ಚಾಕ್‌ಪೀಸಿನ ಚಿತ್ರ ಅಂತ ನಾನೂ ಹೇಳಲಿಲ್ಲ. ಇಂಥ ಪೆದ್ದನಿಗೆ ಯಾಕೆ ಹೇಳಲಿ? ಮಾಟುಂಗದಲ್ಲಿ ಇಳಿದು ದೋಸೆ ತಿಂದೆ. ಒಬ್ಬಳೇ ನಕ್ಕೆ.

ಜುಲೈ 2

ಹೆಡ್‌ಮಾಸ್ತರ್ ಕರೆಸಿದರು. ಮುಖ ಎತ್ತಲಿಲ್ಲ.

"ಸಾಹೇಬ್ರಿಗೆ ಭಾಳ ಖುಷಿ ಆಗೇತ್ರಿ. ಇಂಟರ್ನೆಟ್ಟಿನಾಗ ಇಷ್ಟು ಛಂದ ಬರ್ತಿದ್ರ ಬ್ಯಾರೆ ಡ್ರಾಯಿಂಗ್ ಟೀಚರ್ ಯಾಕ ಅಂದ್ರು. ಇನ್ನ ಮ್ಯಾಲೆ ಸ್ನೇಹಲ್ ಟೀಚರ್ ತೋರಿಸ್ತಾರ."

"ಆ ಚಿತ್ರ ನಾ ಕೈಲೆ ತಗದೀನ್ರಿ, ಸರ್. ನಿಮ್ಮ ಕಣ್ಣ ಮುಂದ!"

"ಗೊತ್ತೈತ್ರಿ. ಈಗ ಹೆಂಗ ಹೇಳೂದು? ಫೋಟೊ ಎಲ್ಲಾ ಗ್ರೂಪಿಗೂ ಹೋಗೇತಿ."

ಹೇಡಿ. ಅವತ್ತೇ ಒಂದು ಮಾತು ಹೇಳಬಹುದಿತ್ತು. ನಾನೂ ಹೇಳಬಹುದಿತ್ತು.

ನಾಳೆ ಆ ಪೆದ್ದನ ಆಫೀಸಿಗೆ ನಾನೇ ಹೋಗಬೇಕು. ಏನು ಹೇಳಲಿ? ಕೈಮುಗಿದು — ಸಾಹೇಬ್ರ, ಅದು ನನ್ನ —