ಕೆಂಪು ವೃತ್ತ, ಮೂರು ಕಪ್ಪು ಪಟ್ಟಿ

ವಡೋದರಾ

ಅಜ್ಜಿ, ನಿಮ್ಮ ಕಾಲಿಗೆ ನಮಸ್ಕಾರ. ಮಾವನ ಕಾಲಿಗೆ ಮಾತ್ರ ಈ ಸಲ ಬೀಳಲಾರೆ. ಅವರು ಫೋನಿನಲ್ಲಿ ನನ್ನ ಮೇಲೆ ದೂರು ಹೇಳಿರಬೇಕು. ನಡೆದದ್ದು ಇಷ್ಟು.

ಇಲ್ಲಿನ ಪುಟ್ಟ ಕಲಾ ಮ್ಯೂಸಿಯಮ್ಮಿನಲ್ಲಿ ನಾನು ಮಾಡಿದ ಕೃತಿಯೊಂದನ್ನು ಗೋಡೆಗೆ ಹಾಕಿದ್ದಾರೆ. ತಗಡಿನ ಕೆಂಪು ವೃತ್ತ, ಅದರ ಮೇಲೆ ಓರೆಯಾಗಿ ಮೂರು ಕಪ್ಪು ಪಟ್ಟಿ. ದೇವರ ಚಿತ್ರವೆಂದೇ ತಿಳಿದು ಮಾವ ಇಲ್ಲಿನ ತಮ್ಮ ಹೋಟೆಲಿನ ಖಾಯಂ ಗಿರಾಕಿಗಳನ್ನೆಲ್ಲ ಕರೆತಂದರು.

“ಇದರಲ್ಲಿ ಕೃಷ್ಣ ಎಲ್ಲಿದ್ದಾನೆ ಮಾರಾಯ್ತಿ?”

“ಕೃಷ್ಣ ಇಲ್ಲ ಮಾವ. ವೃತ್ತ ಉಂಟು, ಪಟ್ಟಿ ಉಂಟು.”

ಗಿರಾಕಿಗಳು ನಕ್ಕರು. ಮಾವನ ಮುಖ ಕಪ್ಪಿಟ್ಟಿತು. ‘ರಾಸಲೀಲೆ’ ಎಂದು ಹೆಸರಿಟ್ಟುಬಿಡು, ಎಲ್ಲರಿಗೂ ಸಮಾಧಾನ ಎಂದು ಮ್ಯೂಸಿಯಮ್ಮಿನ ಮೇಡಂ ಹಿಂದಿಯಲ್ಲಿ ಪಿಸುಗುಟ್ಟಿದರು. ನಾನು ಒಪ್ಪಲಿಲ್ಲ.

“ಹಾಗಾದರೆ ನನ್ನ ಮನೆಯಲ್ಲಿ ಇರುವುದು ಬೇಡ” ಎಂದರು ಮಾವ. ಅಂದೇ ಬಟ್ಟೆಬರೆ ಕಟ್ಟಿಕೊಂಡು ಇದೇ ಊರಿನ ಗೋರ್ವಾ ಬಡಾವಣೆಯಲ್ಲಿರುವ ಗೆಳತಿ ಕೃಪಾಳ ರೂಮಿಗೆ ಬಂದೆ.

ವೃತ್ತ ಕತ್ತರಿಸುವಾಗ ತಗಡು ಕೊಯ್ದ ಬೆರಳು ಮಾಯುತ್ತಿದೆ, ಇಂಜೆಕ್ಷನ್ ಆಗಿದೆ. ಊಟಕ್ಕೆ ತೊಂದರೆಯಿಲ್ಲ. ಕಾರ್ಡ್ ತುಂಬುತ್ತಾ ಬಂತು. ಪ್ರದರ್ಶನ ಮುಗಿಯುವವರೆಗೆ ದಿನಾ ಸಂಜೆ ನನ್ನ ಕೃತಿಯ ಪಕ್ಕದಲ್ಲೇ ನಿಲ್ಲುತ್ತೇನೆ. ನಗುವವರು ನನ್ನೆದುರೇ ನಗಲಿ.

ನಿಮ್ಮ ತುಂಗಾ