ಕೂಗಿದರೆ ಕೇಳಿಸುವ ಹೆಡ್‌ಫೋನ್

ಹೆಡ್‌ಫೋನ್ ಅಂಗಡಿಯಪ್ಪನಿಗೆ ಆಶೀರ್ವಾದ.

ನಾಳೆ ಸಂಜೆ ನನ್ನ ಮೊಮ್ಮಗಳು ನಿನ್ನ ಅಂಗಡಿಗೆ ಬರುತ್ತಾಳೆ. ಕೂದಲಿಗೆ ನೀಲಿ ಬಳಿದುಕೊಂಡಿದ್ದಾಳೆ, ಗುರುತು ಸಿಗುತ್ತದೆ. ರಾಕ್, ಮೆಟಲ್, ರ‍್ಯಾಪ್ ಕೇಳುವುದಕ್ಕೆ ಕಡಿಮೆ ಬೆಲೆಯದು ಬೇಕು, ಹೊರಗಿನ ಸದ್ದು ಒಂದಿಷ್ಟೂ ಬರಬಾರದು ಎನ್ನುತ್ತಾಳೆ. ಅಂಥದ್ದನ್ನು ಮಾತ್ರ ಕೊಡಬೇಡಪ್ಪ.

ಅವಳ ಹಾಡಿನ ಮೇಲೆ ನನಗೆ ಹಗೆಯಿಲ್ಲ. ಆ ರ‍್ಯಾಪಿನವನು ಉಸಿರು ಬಿಡದೆ ಬೈಯುವುದನ್ನು ಕೇಳಿದರೆ ನನ್ನ ಗರಡಿಯಲ್ಲೇ ಪಳಗಿದವನು ಅನಿಸುತ್ತದೆ. ಆದರೆ ಸೋಮವಾರ ನಾನು ಬಚ್ಚಲಲ್ಲಿ ಜಾರಿ ಬಿದ್ದೆ. ಗಂಟಲು ಹರಿಯುವಂತೆ ಕೂಗಿದೆ. ಅವಳು ಪಕ್ಕದ ಕೋಣೆಯಲ್ಲೇ ಗೆಳತಿಯ ಹೆಡ್‌ಫೋನ್ ಹಾಕಿಕೊಂಡು ಕಾಲಲ್ಲಿ ತಾಳ ಬಡಿಯುತ್ತಿದ್ದಳು. ಆ ತಾಳ ನನಗೆ ಕೇಳಿಸಿತು, ನನ್ನ ಕೂಗು ಅವಳಿಗೆ ಕೇಳಿಸಲಿಲ್ಲ. ಕೊನೆಗೆ ನಲ್ಲಿ ಹಿಡಿದುಕೊಂಡು ನಾನೇ ಎದ್ದೆ.

ಕಿವಿ ಪೂರ್ತಿ ಮುಚ್ಚದಂಥದ್ದೂ ಅದೇ ಬೆಲೆಗೆ ಸಿಗುತ್ತದಂತೆ. ನೀನೇ ಹಾಕಿಕೊಂಡು ಜೋರಾದ ಹಾಡು ಹಚ್ಚಿ, ಹೆಂಡತಿಯಿಂದ ಹಿಂದಿನಿಂದ ಕೂಗಿಸು. ತಿರುಗಿ ನೋಡಿದರೆ ಅದನ್ನೇ ಕೊಡು. ಕೇಳಿಸಿದರೂ ತಿರುಗದ ಗಂಡ ನೀನಾದರೆ, ಬೇರೆ ಯಾರಿಂದಲಾದರೂ ಕೂಗಿಸು.

ಬಿದ್ದ ವಿಷಯ ಅವಳಿಗೆ ಹೇಳಬೇಡ. ಹಾಡನ್ನೇ ಬಿಟ್ಟು ಬಚ್ಚಲ ಬಾಗಿಲಲ್ಲಿ ಕಾವಲು ಕೂತಾಳು.

ನಾಳೆಯೇ ಕೊಟ್ಟುಬಿಡಪ್ಪ. ಐದು ದಿನವಾಯಿತು, ನಾನಿನ್ನೂ ಸ್ನಾನ ಮಾಡಿಲ್ಲ.

ಇಂತಿ,
ಆ ಹುಡುಗಿಯ ಅಜ್ಜಿ