ಎದುರು ಮನೆಗೆ ಕೊಟ್ಟ ಬೀಗದಕೈ

ಶುಕ್ರವಾರ, ಹದಿನಾಲ್ಕನೇ ತಾರೀಖು
ನಿನ್ನ ಅಡುಗೆಮನೆಯ ಮೇಜಿನಿಂದ

ನನ್ನ ಚೋಟಿಗೆ,

ಅಕ್ಕನ ಪ್ರೀತಿ. ಮೊದಲೇ ಹೇಳಿಬಿಡುತ್ತೇನೆ, ಗಾಬರಿ ಆಗಬೇಡ, ಯಾರಿಗೂ ಏನೂ ಆಗಿಲ್ಲ. ಮನೆ ನಿಂತಿದೆ, ನಲ್ಲಿ ಸೋರುತ್ತಿಲ್ಲ, ಗ್ಯಾಸ್ ಆರಿಸಿದ್ದೇನೆ. ಈಗಷ್ಟೇ ಎದ್ದು ಹೋಗಿ ಇನ್ನೊಂದು ಸಲ ನೋಡಿ ಬಂದೆ, ಆರಿಸಿದೆ. ಬಾಲ್ಕನಿಯ ಕುಂಡಗಳಲ್ಲಿ ಒಂದು ಒಣಗಿದೆ, ಅದು ನೀನು ಹೋಗುವಾಗಲೇ ಒಣಗಿತ್ತು ಅಂತ ನನ್ನ ಲೆಕ್ಕ. ನಿನ್ನ ಬೆಕ್ಕು ಇದ್ದಿಲು ಈಗ ನನ್ನ ಕಾಲ ಹತ್ತಿರವೇ ಮಲಗಿದೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಫೋನ್ ಇರುವಾಗ ಇವಳು ಕಾಗದ ಯಾಕೆ ಬರೆದಳು ಅಂತ ಕೇಳುತ್ತೀಯ. ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ನಾನು ಎಲ್ಲ ಚೆನ್ನಾಗಿದೆ ಅಂದುಬಿಡುತ್ತೇನೆ. ಹತ್ತು ದಿನದಿಂದ ಅಂದಿದ್ದೇನೆ. ಕಾಗದಕ್ಕೆ ದನಿ ಇಲ್ಲವಲ್ಲ, ಅದಕ್ಕೆ ಸುಳ್ಳು ಹೇಳುವುದು ಕಷ್ಟ ಅಂದುಕೊಂಡೆ. ಹಾಗೂ ಇಲ್ಲ, ಒಂದು ಹಾಳೆ ಹರಿದು ಹಾಕಿ ಇದು ಎರಡನೆಯದು. ನಿನ್ನ ಗಂಡ ಮುಂದಿನ ಸೇತುವೆ ತಪಾಸಣೆಯ ಕೆಲಸಕ್ಕೆ ನಿನ್ನನ್ನೂ ಕರೆದುಕೊಂಡು ಹೋಗುವ ಊರಿನ ಹೋಟೆಲಿನ ವಿಳಾಸಕ್ಕೆ ಕಳಿಸುತ್ತಿದ್ದೇನೆ. ನೀವು ತಲುಪುವ ಮೊದಲು ಇದು ತಲುಪಿದರೆ ಹೋಟೆಲಿನವರು ಎಸೆದುಬಿಡುತ್ತಾರೋ ಏನೋ ಅಂತ ಒಂದು ಚಿಂತೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳ ಬರವಣಿಗೆ, ಸರಿ ಮಾಡಿಕೊಂಡು ಓದು.

ನೀನು ಹೋದ ಎರಡನೇ ದಿನ ಬೆಳಿಗ್ಗೆ ಹೊಲಿಗೆ ಅಂಗಡಿಗೆ ಹೋಗುವ ದಾರಿಯಲ್ಲಿ ಇಲ್ಲಿಗೆ ಬಂದೆ. ಬೀಗ ತೆಗೆಯಲು ಹೋದರೆ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಕಳ್ಳರೇ ಅಂದುಕೊಂಡು ಬಾಗಿಲು ಬಡಿದೆ. ಬಾಗಿಲು ತೆರೆದವರು ನಿನ್ನ ಎದುರು ಮನೆಯ ನರ್ಸಮ್ಮ. ಇದ್ದಿಲು ಅವರ ಹೆಗಲ ಮೇಲೆ, ಒಂದು ಕಪ್ಪು ಟವೆಲ್ ಹಾಕಿಕೊಂಡ ಹಾಗೆ. ಬನ್ನಿ ಬನ್ನಿ ಅಂದರು. ನನ್ನ ತಂಗಿಯ ಮನೆಗೆ ನನ್ನನ್ನು ಬನ್ನಿ ಅಂದರು ಕಣೇ. ಚೋಟಿ ನನಗೂ ಒಂದು ಬೀಗದಕೈ ಕೊಟ್ಟು ಹೋಗಿದ್ದಾಳೆ ಅಂತ, ನನಗೆ ಗೊತ್ತೇ ಇರುತ್ತದೆ ಅನ್ನುವ ಹಾಗೆ ಹೇಳಿದರು. ನಾನೂ ಗೊತ್ತಿದ್ದವಳ ಹಾಗೆ ಹೌದೌದು ಅಂದೆ. ನಿನ್ನನ್ನು ಚೋಟಿ ಅಂತ ಕರೆಯುವವಳು ನಾನೊಬ್ಬಳೇ ಅಂದುಕೊಂಡಿದ್ದೆ.

ಆಮೇಲೆ ಅವರು ನಿನ್ನ ಫೋಟೋಗಳನ್ನು ತೋರಿಸಿದರು. ನೀನು ನನಗೆ ಒಂದು ಸಮುದ್ರ ಕಳಿಸಿದ್ದೆ, ಅದೂ ಅರ್ಧ ಬೆರಳು ಅಡ್ಡ ಬಂದಿದ್ದು. ಅವರಿಗೆ ಹನ್ನೊಂದು. ಮೀನು ಮಾರುಕಟ್ಟೆ, ಕೆಂಡದ ಮೇಲೆ ಸುಟ್ಟ ಮೀನು, ಯಾವುದೋ ಹುಳಿ ಸೂಪು, ಕಪ್ಪೆಚಿಪ್ಪಿನ ಹಸಿ ಮಾಂಸವನ್ನು ಚಿಪ್ಪಿನಿಂದಲೇ ಬಾಯಿಗೆ ಸುರಿದುಕೊಳ್ಳುತ್ತಿರುವ ನೀನು. ಕೆಳಗೆ ನೀನು ಬರೆದದ್ದನ್ನು ಅವರು ಓದಿ ಹೇಳಿದರು: ಅಕ್ಕಾ, ನೀವು ಇಲ್ಲಿ ಇರಬೇಕಿತ್ತು. ಮೀನಿನ ಮುಳ್ಳು ತೆಗೆದು, ಉಂಡೆ ಮಾಡಿ ಬಾಯಿಗೆ ಇಟ್ಟರೂ ಉಗುಳುತ್ತಿದ್ದ ಹುಡುಗಿ ನೀನು. ಯಾರು ಇಡುತ್ತಿದ್ದರು ಅಂತ ನಾನು ಹೇಳಬೇಕಾಗಿಲ್ಲ. ಅಮ್ಮ ಬೇಕರಿ ಕೆಲಸಕ್ಕೆ ಸೇರಿದ ವರ್ಷ ನಾನು ಶಾಲೆ ಬಿಟ್ಟು ನಿನ್ನನ್ನು ಸೊಂಟದ ಮೇಲೆ ಹೊತ್ತೆ. ಇದನ್ನು ಲೆಕ್ಕ ಕೇಳಲು ಬರೆಯುತ್ತಿಲ್ಲ. ಬರೆಯಬಾರದು ಅಂತಲೇ ಇದ್ದೆ, ಬಂದುಬಿಟ್ಟಿತು.

ಅವರು ಹೋದ ಮೇಲೆ ಮನೆಯನ್ನೆಲ್ಲ ನೋಡಿದೆ. ಮುಂದಿನ ಕೋಣೆಯ ಗೋಡೆಗೆ ಆ ಕಡು ಹಸಿರು ಬಣ್ಣ ಯಾರು ಹೇಳಿದ್ದು ಅಂತ ಕೇಳಿದಾಗ ನೀನು ಸುಮ್ಮನೆ ನಕ್ಕಿದ್ದೆ. ಈಗ ತಿಳಿಯಿತು, ಅವರ ಮನೆಯಲ್ಲೂ ಅದೇ ಹಸಿರು, ಬಾಗಿಲು ತೆರೆದಾಗ ಕಂಡಿತು. ಕಿಟಕಿಯಲ್ಲಿ ನಾನು ಹೊಲಿದ ಪರದೆ ಇರಲಿಲ್ಲ. ಬಿದಿರು ಕಡ್ಡಿಯ ಚಾಪೆಯಂಥದ್ದು ಇಳಿಬಿಟ್ಟಿತ್ತು. ನನ್ನ ಪರದೆಗಳು ಬೀರುವಿನ ಮೇಲಿನ ಗೂಡಿನಲ್ಲಿ ಮಡಿಸಿ ಇಟ್ಟಿದ್ದವು. ಅಂಗಡಿಯ ಕೆಲಸ ಮುಗಿಸಿ, ಬೇರೆಯವರ ಮನೆಗಳ ಪರದೆ ಹೊಲಿದು ಹೊಲಿದು ನೊಂದ ಕೈಯಲ್ಲೇ ಅದರ ಅಂಚಿನ ಕಸೂತಿ ಹಾಕಿದ್ದು ನಾನು. ನಿನ್ನ ಭಾವನ ಹತ್ತಿರ ಹೇಳಿಕೊಂಡು ಅತ್ತೆ. ಅವರು ಬಸ್ಸಿನ ಯೂನಿಫಾರ್ಮ್ ಬಿಚ್ಚುತ್ತಾ, ಕಿಟಕಿಗೂ ಬೆಕ್ಕಿಗೂ ಹೊಟ್ಟೆಕಿಚ್ಚು ಪಡುವವಳು ನೀನೊಬ್ಬಳೇ ಇರಬೇಕು ಅಂದರು.

ಚೋಟಿ, ಇನ್ನು ಮುಂದೆ ಬರೆಯುವುದನ್ನು ಕೂತುಕೊಂಡು ಓದು.

ಮಾರನೇ ದಿನ ನಾನು ನರ್ಸಮ್ಮನ ಬೆಲ್ ಒತ್ತಿ, ನನ್ನ ತಂಗಿ ಫೋನ್ ಮಾಡಿದ್ದಳು, ಎರಡು ಕಡೆ ಬೀಗದಕೈ ಇರುವುದು ಬೇಡ, ನನ್ನ ಹತ್ತಿರವೇ ಇರಲಿ ಅಂದಳು ಅಂತ ಹೇಳಿದೆ. ನೀನು ಫೋನೂ ಮಾಡಿರಲಿಲ್ಲ, ಹಾಗೆ ಅಂದೂ ಇರಲಿಲ್ಲ. ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಒಳಗೆ ಹೋಗಿ ತಂದು ಕೊಟ್ಟರು. ಕೊಡುತ್ತಾ, ಬೆಳಿಗ್ಗೆ ಸಂಜೆ ಅದಕ್ಕೆ, ಅಂತ ಏನೋ ಶುರು ಮಾಡಿದರು. ನಾನು ಮಧ್ಯದಲ್ಲೇ ತಡೆದು, ನನಗೆಲ್ಲ ಗೊತ್ತು, ನನ್ನ ತಂಗಿ ನನಗೆ ಹೇಳದೆ ಇರುವುದು ಏನಿದೆ ಅಂದೆ. ಆ ಮಾತು ಹೇಳಿ ಮೆಟ್ಟಿಲಿಳಿಯುವಾಗ ನನಗೆ ಎಷ್ಟು ಹಿತವಾಗಿತ್ತು ಗೊತ್ತಾ. ಎರಡು ಬೀಗದಕೈಗಳು ಚೀಲದಲ್ಲಿ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು.

ಅವತ್ತೇ ಆ ಬಿದಿರಿನ ಚಾಪೆಗಳನ್ನು ಸುತ್ತಿಟ್ಟು ನನ್ನ ಪರದೆ ಹಾಕಿದೆ. ನೀನು ಬರುವ ಮೊದಲು ಮತ್ತೆ ಬದಲಾಯಿಸುವ ಯೋಚನೆ ಇತ್ತು. ಒಂದು ತಿಂಗಳಾದರೂ ನೇತಾಡಲಿ ಅಂತ.

ಇದ್ದಿಲು ಮಾತ್ರ ನನ್ನ ಹತ್ತಿರ ಬರಲಿಲ್ಲ. ನಾನು ಬಾಗಿಲು ತೆಗೆದರೆ ಸೋಫಾದ ಕೆಳಗಿನಿಂದ ನೋಡುವುದು, ನೋಡಿ ತಲೆ ಅಲ್ಲಾಡಿಸುವುದು. ಒಂದು ಸಲ ಅಲ್ಲ, ಮತ್ತೆ ಮತ್ತೆ, ಬೇಡ ಬೇಡ ಅನ್ನುವ ಹಾಗೆ. ನಗಬೇಡ. ಅದು ನನ್ನನ್ನೇ ಬೇಡ ಅನ್ನುತ್ತಿದೆ, ನರ್ಸಮ್ಮನನ್ನು ಕೇಳುತ್ತಿದೆ ಅಂತಲೇ ನಾನು ತಿಳಿದೆ. ಎರಡು ತಿಂಗಳ ಹಿಂದೆ ಯಾರದೋ ಕಾರಿನ ಕೆಳಗೆ ಸಿಕ್ಕಿದ ಬೆಕ್ಕು, ಅದಕ್ಕೂ ನಾನು ಎರಡನೆಯವಳು ಅಂತ ಮುಖ ಊದಿಸಿಕೊಂಡೆ. ಸೋಲಬಾರದು ಅಂತ ಮೀನು ಬೇಯಿಸಿ ತಂದೆ. ಮುಳ್ಳು ತೆಗೆದು ಬೆರಳಲ್ಲಿ ಹಿಡಿದು ಕೂತೆ. ತಿಂದಿತು, ತಿಂದು ಮತ್ತೆ ತಲೆ ಅಲ್ಲಾಡಿಸಿತು. ನೀನೂ ಹೀಗೇನಾ ಅಂತ ಅದಕ್ಕೆ ಬೈದೆ. ಹೀಗೆ ಐದು ದಿನ.

ಮಂಗಳವಾರ ಬಂದು ನೋಡಿದರೆ ಪರದೆಯ ಕಸೂತಿ ಅಂಚು ಉಗುರಿಗೆ ಸಿಕ್ಕಿ ಚಿಂದಿ ಚಿಂದಿ, ಅದರ ಮೇಲೆ ರಕ್ತದ ಚುಕ್ಕೆ. ಇದ್ದಿಲು ಮೂಲೆಯಲ್ಲಿ ಕೂತು ಹಿಂಗಾಲಿನಿಂದ ಎಡಗಿವಿ ಕೆರೆದುಕೊಳ್ಳುತ್ತಿತ್ತು. ಕಿವಿಯ ಒಳಗೆ ನೋಡಿದೆ, ಬರೆಯಲಾರೆ. ನಿನಗೆ ಫೋನ್ ಮಾಡಲು ತೆಗೆದೆ, ನಂಬರ್ ಒತ್ತುವಷ್ಟರಲ್ಲಿ ಇಟ್ಟೆ. ಮೂರು ಸಲ. ಕೊನೆಗೆ ಹೋಗಿ ಎದುರು ಮನೆಯ ಬೆಲ್ ಒತ್ತಿದೆ. ಒತ್ತುವಾಗಲೂ, ಇವರು ಮನೆಯಲ್ಲಿ ಇಲ್ಲದಿದ್ದರೆ ಚೆನ್ನಾಗಿತ್ತು ಅಂತ ಒಂದು ಮನಸ್ಸು.

ಅವರು ಬಂದು ಬೆಕ್ಕಿನ ಕತ್ತು ಹಿಡಿದು, ಕಿವಿ ಮಗುಚಿ ನೋಡಿ, ಡ್ರಾಪ್ಸ್ ಯಾವಾಗ ಹಾಕಿದ್ದು ಅಂತ ಕೇಳಿದರು. ಯಾವ ಡ್ರಾಪ್ಸ್ ಅಂದೆ.

"ಫ್ರಿಜ್ ಬಾಗಿಲಲ್ಲಿದೆಯಲ್ಲ. ಅವತ್ತು ಅದನ್ನ ಹೇಳೋಕೇ ಬಾಯಿ ತೆಗೆದಿದ್ದು ನಾನು" ಅಂದರು. ಬೈಯಲಿಲ್ಲ. ಬೈದಿದ್ದರೆ ನನಗೂ ಒಂದು ಮಾತು ಆಡಲು ಜಾಗ ಸಿಗುತ್ತಿತ್ತು.

ಬಾಡಿಗೆ ಕಾರು ಹಿಡಿದು ಬೆಕ್ಕಿನ ಡಾಕ್ಟರ ಹತ್ತಿರ ಹೋದೆವು. ಇನ್ನು ಎರಡು ದಿನ ಬಿಟ್ಟಿದ್ದರೆ ಆ ಕಿವಿ ಕೇಳಿಸುತ್ತಿರಲಿಲ್ಲವಂತೆ. ತಲೆ ಅಲ್ಲಾಡಿಸುವುದೇ ಮೊದಲ ಗುರುತಂತೆ, ಸಣ್ಣ ಮಕ್ಕಳಿಗೂ ಗೊತ್ತಾಗುತ್ತದಂತೆ. ಡಾಕ್ಟರು ಕನ್ನಡಕದ ಮೇಲಿಂದ ನಮ್ಮನ್ನು ನೋಡಿ, ಇದನ್ನು ನೋಡಿಕೊಳ್ಳುತ್ತಿರುವವರು ಯಾರು ಅಂತ ಗದರಿದರು.

"ನಾವಿಬ್ರೂ" ಅಂದರು ನರ್ಸಮ್ಮ.

ಆ ಒಂದು ಮಾತಿಗೆ ನನಗೆ ಅವರ ಮೇಲೆ ಎಷ್ಟು ಹೊಟ್ಟೆ ಉರಿಯಿತು ಅಂದರೆ, ಹೇಗೆ ಹೇಳಲಿ. ನಾನು ಅವರ ಜಾಗದಲ್ಲಿದ್ದರೆ ನನ್ನ ಕಡೆ ಬೆರಳು ತೋರಿಸಿರುತ್ತಿದ್ದೆ. ಕೆಟ್ಟವರಾಗಿದ್ದರೆ ಎಷ್ಟು ಸುಲಭವಾಗಿತ್ತು.

ವಾಪಸ್ಸು ಬರುವಾಗ ಕಾರಿನಲ್ಲಿ ನಾನೇ ಹೇಳಿಬಿಟ್ಟೆ, ನೀನು ಫೋನ್ ಮಾಡಿರಲಿಲ್ಲ, ನಾನು ಹೇಳಿದ್ದು ಸುಳ್ಳು ಅಂತ. ಗೊತ್ತು ಅಂದರು. ನಾನು ಬೀಗದಕೈ ಇಸಿದುಕೊಂಡ ದಿನವೇ ಸಂಜೆ, ಅದು ಇನ್ನೂ ಅವರ ಹತ್ತಿರವೇ ಇದೆ ಅನ್ನುವ ಹಾಗೆ, ನೀನು ಅವರಿಗೆ ಮೆಸೇಜ್ ಹಾಕಿ ಡ್ರಾಪ್ಸ್ ಹಾಕಿದಿರಾ ಅಂತ ಕೇಳಿದ್ದೆಯಂತೆ. ನಾನು ಎಲ್ಲ ಗೊತ್ತು ಅಂದಿದ್ದೆನಲ್ಲ, ಅದನ್ನು ನಂಬಿ, ಆಗುತ್ತಿದೆ ಅಂತ ಉತ್ತರ ಕೊಟ್ಟರಂತೆ. ನನ್ನ ಸುಳ್ಳನ್ನು ನಿನಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ.

"ಅಕ್ಕ ತಂಗಿ ಮಧ್ಯೆ ನಾನ್ಯಾರು ಬರೋಕೆ" ಅಂದು ಕಿಟಕಿ ಕಡೆ ತಿರುಗಿದರು. ಬೆಕ್ಕು ಅವರ ತೊಡೆಯ ಮೇಲೂ ನನ್ನ ತೊಡೆಯ ಮೇಲೂ ಅರ್ಧರ್ಧ ಮಲಗಿತ್ತು.

ಆಮೇಲೆ ಪರದೆ ವಿಷಯ ಬಂತು. ಇದ್ದಿಲು ಬಂದ ಮೊದಲ ದಿನವೇ ಉಗುರು ಹಾಕಲು ಹೋಗಿತ್ತಂತೆ, ನೀನೇ ಕುರ್ಚಿ ಹತ್ತಿ ಇಳಿಸಿದೆಯಂತೆ. ಅವರು ಕೈ ಹಾಕಲು ಬಂದರೆ ಬೇಡ, ಇದು ನನ್ನ ಅಕ್ಕ ಹೊಲಿದದ್ದು ಅಂತ ಮುಟ್ಟಲೂ ಬಿಡಲಿಲ್ಲವಂತೆ. ಬೆಕ್ಕಿಗೆ ಬುದ್ಧಿ ಬಂದ ಮೇಲೆ ಹಾಕುತ್ತೇನೆ ಅಂದೆಯಂತೆ. ನೋಡು, ಇಷ್ಟು ಒಳ್ಳೆಯ ಮಾತನ್ನೂ ನಾನು ಅವರ ಬಾಯಿಂದಲೇ ಕೇಳಬೇಕಾಯಿತು. ನೀನೇ ನನಗೆ ಒಂದು ಮಾತು ಹೇಳಿದ್ದರೆ ಪರದೆ ಉಳಿಯುತ್ತಿತ್ತು. ಕಿವಿಯ ವಿಷಯವೂ ಅಷ್ಟೇ. ನಾನು ಗಾಬರಿ ಬೀಳುತ್ತೇನೆ ಅಂತ ನನಗೆ ಹೇಳದೆ ಅವರಿಗೆ ಹೇಳಿದೆಯಂತೆ. ಗಾಬರಿ ಬೀಳುತ್ತೇನೆ, ನಿಜ. ಬಿದ್ದರೆ ಏನು? ಬಿದ್ದುಕೊಂಡೇ ನಿನ್ನನ್ನು ಬೆಳೆಸಲಿಲ್ಲವಾ? ನಿನಗೆ ಜ್ವರ ಬಂದಾಗ ಕೈ ನಡುಗುತ್ತಿದ್ದರೂ ಔಷಧಿ ಚಮಚದಿಂದ ಚೆಲ್ಲಿದ್ದು ಉಂಟಾ?

ತಪ್ಪು ನನ್ನದೇ, ನಿನ್ನ ಮೇಲೆ ಹಾಕಲು ಬರೆಯುತ್ತಿಲ್ಲ. ಇದ್ದಿಲಿನ ಕಿವಿ ಉಳಿದಿದೆ. ಕೆರೆದುಕೊಳ್ಳದ ಹಾಗೆ ಕೊರಳಿಗೆ ದೊಡ್ಡ ಪ್ಲಾಸ್ಟಿಕ್ ಆಲಿಕೆಯಂಥದ್ದು ಹಾಕಿದ್ದಾರೆ, ಅಡ್ಡಾಡುವಾಗ ಗೋಡೆಗೆಲ್ಲ ಡಿಕ್ಕಿ ಹೊಡೆಯುತ್ತದೆ. ಬೆಳಿಗ್ಗೆ ಅವರು ಹಿಡಿಯುತ್ತಾರೆ, ನಾನು ಹನಿ ಹಾಕುತ್ತೇನೆ. ಸಂಜೆ ನಾನು ಹಿಡಿಯುತ್ತೇನೆ, ಅವರು ಹಾಕುತ್ತಾರೆ. ಅವರ ಬೀಗದಕೈಯನ್ನು ವಾಪಸ್ಸು ಕೊಟ್ಟಿದ್ದೇನೆ. ಸುತ್ತಿಟ್ಟ ಬಿದಿರಿನ ಚಾಪೆಯನ್ನು ಮತ್ತೆ ಹಾಕಿದ್ದೇನೆ, ನಿನ್ನ ಹಸಿರು ಗೋಡೆಗೆ ಅದು ಒಪ್ಪುತ್ತದೆ ಅಂತ ಒಪ್ಪಿಕೊಳ್ಳುವುದು ಕಷ್ಟ, ಆದರೂ ಒಪ್ಪುತ್ತದೆ.

ಒಂದೇ ಒಂದು ಕೇಳುತ್ತೇನೆ. ಸಿಟ್ಟು ಮಾಡಿಕೊ, ಬೈ, ಬೀಗದಕೈ ನನ್ನಿಂದ ಕಿತ್ತುಕೊಂಡರೂ ಸರಿ. ಅವರನ್ನು ಅಕ್ಕ ಅನ್ನಬೇಡ. ಬೇರೆ ಏನಾದರೂ ಅನ್ನು. ಆಸ್ಪತ್ರೆಯಲ್ಲಿ ಎಲ್ಲರೂ ಸಿಸ್ಟರ್ ಅನ್ನುತ್ತಿದ್ದರಂತೆ, ಹಾಗೇ ಅನ್ನು. ಎರಡೂ ಒಂದೇ ಅಲ್ಲವೇನೇ ಅಂತ ನಿನ್ನ ಭಾವ ನಗುತ್ತಾರೆ. ನನಗೆ ಒಂದೇ ಅಲ್ಲ. ನಿನಗೂ ಒಂದೇ ಅಲ್ಲ ಅಂತ ಅಂದುಕೊಂಡಿದ್ದೇನೆ. ಹೌದೋ ಅಲ್ಲವೋ ಬರೆ. ಫೋನ್ ಮಾಡಬೇಡ, ಬರೆ.

ಚಿಪ್ಪಿನದು ಹಸಿಯಾಗಿ ತಿನ್ನಬೇಡ, ಹೊಟ್ಟೆ ಕೆಡುತ್ತದೆ. ರೈಲಿನಲ್ಲಿ ಚೀಲವನ್ನು ಕಾಲ ಮಧ್ಯೆ ಇಟ್ಟುಕೋ.

ನಿನ್ನ
ಅಕ್ಕ

ಮರೆತದ್ದು: ಮರೆತದ್ದಲ್ಲ, ಬಿಟ್ಟದ್ದು. ನರ್ಸಮ್ಮನಿಗೆ ಬೀಗದಕೈ ವಾಪಸ್ಸು ಕೊಟ್ಟೆ ಅಂತ ಬರೆದೆನಲ್ಲ, ಕೊಟ್ಟಿಲ್ಲ. ಅವರೂ ಕೇಳಿಲ್ಲ. ಬೆಳಿಗ್ಗೆ ಎಂಟಕ್ಕೆ ನಾನು ಬರುವವರೆಗೂ ತಮ್ಮ ಬಾಗಿಲಲ್ಲಿ ಎರಡು ಲೋಟ ಟೀ ಹಿಡಿದುಕೊಂಡು ನಿಂತಿರುತ್ತಾರೆ. ನಿನ್ನೆ ಬೇಕೆಂದೇ ಇಪ್ಪತ್ತು ನಿಮಿಷ ತಡ ಮಾಡಿ ಬಂದೆ. ಟೀ ಆರಿ ತಣ್ಣಗಾಗಿತ್ತು, ಅವರು ನಿಂತೇ ಇದ್ದರು. ನನಗೋಸ್ಕರ ಒಬ್ಬರು ಹೀಗೆ ಬಾಗಿಲಲ್ಲಿ ಕಾದು ಎಷ್ಟು ವರ್ಷವಾಯಿತು ಅಂತ ನಿನಗೆ ಗೊತ್ತಿಲ್ಲ. ನೀನು ಬರುವವರೆಗೆ ಬೀಗದಕೈ ನನ್ನ ಹತ್ತಿರವೇ ಇರಲಿ, ಯಾಕೆ ಅಂತ ಅವರಿಗೆ ಹೇಳಬೇಡ.